ನಾಲ್ಕನೆಯ ಸಾಲು

೧೨ ನವೆಂಬರ್ ೧೯೯೮, ಗುರುವಾರ

ಸಂಜೆ ಮಂಗಳೂರಿನಿಂದ ಬಂದೆವು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಇವರು ಇಳಿದು ನೀರುದೋಸೆ ಕಟ್ಟಿಸಿಕೊಂಡು ಬಂದರು. ನನಗೆ ಬೇಡವಾಗಿತ್ತು. ಆದರೂ ಎರಡು ತಿಂದೆ.

ಕುತ್ತಿಗೆಯ ಬಲಗಡೆ ಇರುವುದು ಥೈರಾಯ್ಡ್ ಗಂಟು. ಸೂಜಿ ಹಾಕಿ ಮಾಡಿದ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಕಂಡಿಲ್ಲ. ಆದರೆ ಬೆಳೆಯುತ್ತಿದೆ, ಉಸಿರಿನ ಕೊಳವೆಯನ್ನು ಒತ್ತುತ್ತಿದೆ, ತೆಗೆಯಲೇಬೇಕು. ಜನವರಿ ಏಳಕ್ಕೆ ಬರಲು ಹೇಳಿದ್ದಾರೆ. ಡಾಕ್ಟರು ಚಿಕ್ಕ ವಯಸ್ಸಿನವರು. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಧ್ವನಿಯ ನರ ಗಂಟಿನ ಹಿಂದೆಯೇ ಹಾದುಹೋಗುತ್ತದಂತೆ, ನೂಲಿನಷ್ಟು ಸಣ್ಣದು. ಅದಕ್ಕೆ ಪೆಟ್ಟಾದರೆ ಧ್ವನಿ ಬದಲಾಗಬಹುದು, ಆಗದೆಯೂ ಇರಬಹುದು.

"ನೀವು ಹಾಡ್ತೀರಾ?" ಎಂದು ಕೇಳಿದರು.

"ಇಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತೇನೆ" ಎಂದೆ.

"ಹಾಡ್ತಾಳೆ ಡಾಕ್ಟ್ರೇ" ಎಂದರು ಇವರು ಪಕ್ಕದಿಂದ. "ನಮ್ಮ ಕಡೆ ಮದುವೆಗಳಲ್ಲಿ ಹಸೆಗೆ ಕರೆಯೋದು ಇವಳೇ. ಹುಡುಗಿ ಒಳಗೆ ಕೂತಿರ್ತಾಳೆ. ಹಾಡು ಹೇಳಿ ಕರೆದ ಹೊರತು ಎದ್ದು ಹಸೆಮಣೆಗೆ ಬರೋ ಹಾಗಿಲ್ಲ. ಇವಳು ಬಾಯಿ ಬಿಡದಿದ್ರೆ ಮದುವೆನೇ ನಿಂತ್ಹೋಯ್ತು. ಮೇ ಹದಿನಾರಕ್ಕೆ ನನ್ನ ತಂಗಿ ಮಗಳದ್ದೇ ಇದೆ. ಅಷ್ಟರೊಳಗೆ ಆಪ್ರೇಸನ್ನು..."

"ಆಪರೇಷನ್" ಎಂದು ತಿದ್ದಿದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಇವರಿಗೆ ಎಲ್ಲಿ ತಮಾಷೆ ಮಾಡಬೇಕು, ಎಲ್ಲಿ ಬಾರದು ಎಂಬುದು ಗೊತ್ತಾಗುವುದೇ ಇಲ್ಲ. ಅಂಗಿಯ ತೋಳು ಎಳೆದು ಎಬ್ಬಿಸಿಕೊಂಡು ಬಂದೆ.

೧೫ ನವೆಂಬರ್, ಭಾನುವಾರ

ಮದುವೆಯ ಹುಡುಗಿ ಸೌಮ್ಯ ಫೋನ್ ಮಾಡಿದ್ದಳು. ಪಿ.ಯು.ಸಿ.ಯ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದವಳು. ನಮಗೆ ಮಕ್ಕಳಿಲ್ಲದ್ದರಿಂದ ಆ ಎರಡು ವರ್ಷ ಈ ಮನೆಯಲ್ಲಿ ಬೇರೆಯೇ ಲೆಕ್ಕದ್ದು. "ಅತ್ತೆ, ನೀವು ಕರೆಯದೆ ನಾನು ಹಸೆಗೆ ಏಳಲ್ಲ, ಈಗಲೇ ಹೇಳಿದೀನಿ" ಎಂದಳು. ಹುಡುಗಾಟದ ಮಾತು. ಫೋನ್ ಇಟ್ಟ ಮೇಲೆ ಅದೇ ತಲೆಯಲ್ಲಿ ಕೂತಿತು.

ಧ್ವನಿ ಇರುವಾಗಲೇ ನನಗೆ ಬೇಕಾದ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡಬೇಕು ಎಂದು ತೀರ್ಮಾನಿಸಿದ್ದೇನೆ. ಇವರಿಗೆ ಹೇಳಿದೆ. ಇವರದು ಕಾಫಿ ಹಣ್ಣು ಸುಲಿಯುವ ಪಲ್ಪರ್, ಪಂಪ್‌ಸೆಟ್ಟುಗಳ ಬಿಡಿಭಾಗದ ಅಂಗಡಿ. ಅಲ್ಲಿ ಮೂಲೆಯಲ್ಲಿ ಬಿದ್ದಿದ್ದ ಟೇಪ್ ರೆಕಾರ್ಡರನ್ನು ಸಂಜೆಯೇ ತಂದುಕೊಟ್ಟರು. ಗ್ರೀಸ್ ವಾಸನೆ ಹೊಡೆಯುತ್ತದೆ.

೧೮ ನವೆಂಬರ್, ಬುಧವಾರ

ಯಾವ ಹಾಡುಗಳು? ಪಟ್ಟಿ ಮಾಡಲು ಕೂತರೆ ನಾಲ್ಕೇ ಆದವು. ನಲವತ್ತೆಂಟು ವರ್ಷಕ್ಕೆ ನಾಲ್ಕು.

ಹಸೆಗೆ ಕರೆಯುವ ಹಾಡು. ಇದನ್ನು ಅತ್ತೆಯವರಿಂದ ಕಲಿತೆ. ಅವರು ತೀರಿಕೊಂಡ ಮೇಲೆ ಈ ಮನೆತನದಲ್ಲಿ ಪೂರ್ತಿ ಬರುವುದು ನನಗೊಬ್ಬಳಿಗೇ. ಇಪ್ಪತ್ತು ಮದುವೆಯಾದರೂ ಹಾಡಿದ್ದೇನೆ. ಒಳಗಿನ ಕೋಣೆಯ ಬಾಗಿಲಲ್ಲಿ ಸೀರೆಯ ಅಂಚು ಕಾಣಿಸುವವರೆಗೂ ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಮೈಸೂರಿನಲ್ಲಿ ಎಂ.ಎ. ಓದುವಾಗ ಕೋಣೆಯ ಗೆಳತಿ ಬರೆದ ಪದ್ಯಕ್ಕೆ ನಾನು ಹಾಕಿದ ರಾಗ. ಪದ್ಯ ಎಲ್ಲೂ ಅಚ್ಚಾಗಲಿಲ್ಲ. ಅವಳೂ ಆಮೇಲೆ ಬರೆಯಲಿಲ್ಲ. ನಾನು ಹಾಡದಿದ್ದರೆ ಆ ಪದ್ಯ ಇಲ್ಲ. ಇಷ್ಟೇ ಅದರ ಅರ್ಥ.

ಹೆಣ್ಣು ನೋಡಲು ಬಂದ ದಿನ ಹಾಡಿದ ಶಿವನ ಹಾಡು. ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದಾಗ ಇವರು, "ಪಾಠ ಚೆನ್ನಾಗಿ ಮಾಡ್ತೀರಿ ಅನ್ಸುತ್ತೆ" ಎಂದರು. ಇಪ್ಪತ್ತೆರಡು ವರ್ಷವಾದರೂ ಆ ಮಾತಿನ ಅರ್ಥ ನನಗೆ ತಿಳಿದಿಲ್ಲ.

ನಾಲ್ಕನೆಯದು ಅವ್ವನ ಹಾಡು. ಅದರ ಬಗ್ಗೆ ನಾಳೆ ಬರೆಯುತ್ತೇನೆ.

೨೨ ನವೆಂಬರ್, ಭಾನುವಾರ

ಅವ್ವ ಹೋದಾಗ ನನಗೆ ಆರು ವರ್ಷ. ಬಾಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪಾಜಿ ಹಾಜರಿ, ಲೆಕ್ಕ ಬರೆಯುವ ಕೆಲಸಕ್ಕಿದ್ದರು. ಅವ್ವ ಹೋದ ಮೂರೇ ತಿಂಗಳಿಗೆ ಆ ಕೆಲಸ ಬಿಟ್ಟು ನನ್ನನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಬಂದುಬಿಟ್ಟರು. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ, ಮಾತೂ ಎತ್ತಲಿಲ್ಲ. ಕೇಳಿದರೆ, "ನಿಮ್ಮವ್ವ ಸಾಧ್ವಿ. ಮಾತು ಕಡಿಮೆ" ಎಂದಷ್ಟೇ ಹೇಳುತ್ತಿದ್ದರು. ಇರುವ ಒಂದೇ ಫೋಟೋದಲ್ಲಿ ಅವ್ವ ತುಟಿ ಬಿಗಿದುಕೊಂಡು ನಿಂತಿದ್ದಾಳೆ.

ನನಗೆ ನೆನಪಿರುವುದು ಅವಳ ಮಡಿಲು ಮತ್ತು ಈ ಹಾಡು.

ರೈತರ ಮಗಳು ಅಳುತಾಳೆ
ಹೊತ್ತೇರಿ ಬಂದರೂ ಅಳುತಾಳೆ
ಕಣ್ಣೀರು ಬಿದ್ದಲ್ಲಿ ಗಿಡವೆಲ್ಲ ಹೂವಾಯ್ತು

ನಾಲ್ಕನೆಯ ಸಾಲು ನೆನಪಿಲ್ಲ. ರಾಗ ಇದೆ, ಮಾತಿಲ್ಲ. ಅಲ್ಲಿಗೆ ಬಂದಾಗ ಯಾವಾಗಲೂ ಗುನುಗುತ್ತೇನೆ. ಹಾಡುವಾಗ ನನ್ನ ತಲೆ ಅವಳ ಎದೆಗೆ ಒರಗಿರುತ್ತಿತ್ತು, ಎದೆ ಅದುರುತ್ತಿತ್ತು. ಅಳುತ್ತಿದ್ದಳು. ಯಾಕೆಂದು ಈಗ ಕೇಳಲು ಯಾರಿದ್ದಾರೆ?

ಎಂ.ಎ. ಎರಡನೆಯ ವರ್ಷದಲ್ಲಿ ಕಾಲೇಜಿನ ಪತ್ರಿಕೆಗೆ ಇದರ ಮೇಲೆ ಲೇಖನ ಬರೆದಿದ್ದೆ. 'ಮೌನದ ನಾಲ್ಕನೆಯ ಸಾಲು.' ರೈತನ ಮಗಳೆಂದರೆ ಭೂಮಿಯೇ, ಅವಳ ಕಣ್ಣೀರೇ ಸೃಷ್ಟಿ, ಕಳೆದುಹೋದ ಕೊನೆಯ ಸಾಲು ಹೆಣ್ಣಿನ ಮೌನವೇ ಇರಬೇಕು ಎಂದು. ಮೇಷ್ಟ್ರು ತರಗತಿಯಲ್ಲಿ ಓದಿಸಿದ್ದರು. ಈಗಲೂ ಪ್ರತಿ ವರ್ಷ ಜನಪದ ಸಾಹಿತ್ಯದ ಪಾಠಕ್ಕೆ ಇದೇ ಉದಾಹರಣೆ ಕೊಡುತ್ತೇನೆ. ಹುಡುಗಿಯರು ಕಣ್ಣು ಒರೆಸಿಕೊಳ್ಳುವುದುಂಟು.

ಇವತ್ತು ರೆಕಾರ್ಡ್ ಮಾಡಲು ಕೂತೆ. ಕೊನೆಯ ಸಾಲಿಗೆ ಬಂದಾಗ ಗುನುಗುವುದು ಸಾಲದು ಅನ್ನಿಸಿತು. ಧ್ವನಿ ಹೋಗುವುದೇ ಆದರೆ ಹಾಡು ಪೂರ್ತಿಯಾಗಿ ಹೋಗಲಿ.

೨ ಡಿಸೆಂಬರ್, ಬುಧವಾರ

ಅಂಗಡಿಗೆ ಬರುವ ಗಿರಾಕಿಗಳನ್ನೆಲ್ಲ ಇವರು ಹಾಡಿನ ಬಗ್ಗೆ ವಿಚಾರಿಸುತ್ತಿದ್ದಾರೆಂದು ಇವತ್ತು ಗೊತ್ತಾಯಿತು. ಪಲ್ಪರಿಗೆ ಬೆಲ್ಟ್ ಕೊಳ್ಳಲು ಬಂದವರು ಹಾಡು ಹೇಳಿ ಹೋಗಬೇಕು! ಸಿಟ್ಟು ಬಂತು. ಏನೂ ಅನ್ನಲಿಲ್ಲ, ಏಕೆಂದರೆ ಮಾತಾಡಿದರೆ ಸಂಜೆಗೆ ಗಂಟಲು ಕಟ್ಟುತ್ತಿದೆ.

೧೯ ಡಿಸೆಂಬರ್, ಶನಿವಾರ

ಬಾಳೂರು ಕಡೆಯ ಎಸ್ಟೇಟ್ ಒಂದರ ಮೇಸ್ತ್ರಿ ಬೊಮ್ಮಯ್ಯ ಅಂಗಡಿಗೆ ಬಂದಿದ್ದನಂತೆ. ಅಪ್ಪಾಜಿಯ ಹೆಸರು ಹೇಳಿದ ಕೂಡಲೇ ಗುರುತು ಹಿಡಿದನಂತೆ. "ಅದೇ ಎಸ್ಟೇಟು ಸಾರ್. ಆಗಿನೋರು ಅಂತ ಈಗ ಉಳಿದಿರೋದು ಗಿಡ್ಡಮ್ಮ ಒಬ್ಳೇ. ಹಣ್ಣು ಕುಯ್ಯೋರಲ್ಲಿ ಹಾಡು ಶುರು ಮಾಡ್ತಿದ್ದಿದ್ದೇ ಅವ್ಳು" ಎಂದನಂತೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವುದೆಂದಾಯಿತು.

೨೭ ಡಿಸೆಂಬರ್, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಳೂರು ತಲುಪಿದೆವು. ಅಲ್ಲಿಂದ ಬೊಮ್ಮಯ್ಯನ ಜೀಪು. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿದೆ, ಕಣದ ತುಂಬ ಹಣ್ಣು ಹರಡಿದ್ದರು. ಕೂಲಿಯವರ ಸಾಲುಮನೆಗಳ ಲೈನಿನ ಕೊನೆಯ ಮನೆಯ ಮುಂದೆ ಬಿಸಿಲಿಗೆ ಕಾಲು ಚಾಚಿಕೊಂಡು ಒಬ್ಬ ಮುದುಕಿ ಅವರೆಕಾಯಿ ಬಿಡಿಸುತ್ತಿದ್ದಳು.

"ಗಿಡ್ಡಮ್ಮ, ಯಾರು ಬಂದವ್ರೆ ನೋಡು. ಹಳೇ ರೈಟ್ರು ಲಿಂಗಪ್ಪೋರ ಮಗಳು" ಎಂದ ಬೊಮ್ಮಯ್ಯ.

ಅವಳು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರು, ಅಳುಬುರ್ಕಿನಾ?" ಎಂದಳು.

ಇವರು ಕೆಮ್ಮಿದ ಹಾಗೆ ಮಾಡಿ ಅತ್ತ ತಿರುಗಿದರು.

ಚಾಪೆ ಹಾಸಿದಳು. ಕಪ್ಪು ಕಾಫಿ ಬಂತು. ಬಂದ ಕಾರಣ ಹೇಳಿದೆ. ನಮ್ಮ ತಾಯಿ ಹೇಳುತ್ತಿದ್ದ ಹಾಡು, ಕೊನೆಯ ಸಾಲು ಬೇಕಾಗಿತ್ತು ಎಂದೆ.

"ಹಾಡಿ ನೋಡಾನ" ಎಂದಳು.

ಹಾಡಿದೆ. ಚೆನ್ನಾಗಿಯೇ ಹಾಡಿದೆ. ಲೈನಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮೂರನೆಯ ಸಾಲು ಮುಗಿಸಿ ನೋಡುತ್ತೇನೆ, ಗಿಡ್ಡಮ್ಮ ಸೆರಗನ್ನು ಬಾಯಿಗೆ ತುಂಬಿಕೊಂಡಿದ್ದಾಳೆ. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ನಕ್ಕು ನಕ್ಕು ಕೆಮ್ಮು ಹತ್ತಿತು. ಬೊಮ್ಮಯ್ಯ ನೀರು ತಂದುಕೊಟ್ಟ.

"ರೈತರ ಮಗಳಂತೆ!" ಎಂದಳು. "ಎಸ್ಟೇಟಲ್ಲಿ ರೈತ್ರು ಎಲ್ಲಿಂದ ಬರ್ಬೇಕು ಅಮ್ಮಾರೆ? ಇದ್ದಿದ್ದು ದೊರೆ, ರೈಟ್ರು, ಮೇಸ್ತ್ರಿ. ಆಮೇಲೆ ನಾವು. ಅದು ರೈಟ್ರ ಮಗಳು. ನೀವೇಯ!"

ಕಾಫಿಯ ಲೋಟ ಕೆಳಗಿಟ್ಟೆ.

"ಬೆಳಿಗ್ಗೆ ನಿಮ್ಮಪ್ಪ ಮಸ್ಟರಿಗೆ ಹೆಸರು ಕೂಗಕ್ಕೆ ಹೊರಟ್ರೆ ಸಾಕು, ನೀವು ಶುರು. ಊರೆಲ್ಲ ಎದ್ದು ಕೂರ್ಬೇಕು ಹಂಗೆ. ನಮಗೆ ಗಡಿಯಾರ ಎಲ್ಲಿತ್ತು? 'ರೈಟ್ರ ಮಗಳು ಅಳ್ತಾಳೆ, ಏಳ್ರೇ' ಅಂತ ನಾವು ಬುಟ್ಟಿ ತಗಳ್ತಿದ್ವಿ. ಹಂಗೇ ಹಾಡಾಯ್ತು. ನಿಮ್ಮಪ್ಪಂಗೆ ಅದು ಕಂಡ್ರೆ ಆಗ್ತಿರ್ಲಿಲ್ಲ. ಮಸ್ಟರಲ್ಲಿ ಯಾರಾದ್ರೂ ಹಿಂದಿಂದ ಗುನುಗಿದ್ರೆ ಕಿವಿ ಕೆಂಪಗಾಗದು."

"ಕೊನೆಯ ಸಾಲು?" ಎಂದೆ.

ಅವಳು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. ಹಲ್ಲಿಲ್ಲದ ಬಾಯಿ. ಶ್ರುತಿ ಎಲ್ಲೂ ತಪ್ಪಲಿಲ್ಲ.

ರೈಟ್ರ ಮಗಳು ಅಳ್ತಾಳೆ
ಹೊತ್ತೇರಿ ಬಂದ್ರೂ ಅಳ್ತಾಳೆ
ಕಣ್ಣೀರು ಬಿದ್ದಲ್ಲಿ ಗಿಡವೆಲ್ಲ ಹೂವಾಯ್ತು
ಹೂಮಳೆ ಯಾಕಮ್ಮ, ಸಾಕೀಕೆ!

ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಇವರೂ ನಕ್ಕರು. ಬೊಮ್ಮಯ್ಯನೊಬ್ಬ ನನ್ನ ಮುಖ ನೋಡಿ ಸುಮ್ಮನಾದ.

"ಮೊದಲ ಮೂರು ನಮ್ದು. ಕೊನೇದು ನಿಮ್ಮವ್ವ ಕಟ್ಟಿದ್ದು" ಎಂದಳು ಗಿಡ್ಡಮ್ಮ. "ಆ ವರ್ಷ ಹೂಮಳೆ ತಡ ಆಗಿತ್ತು, ಅದು ಬಿದ್ರೇನೇ ಕಾಫಿ ಗಿಡ ಹೂ ಬಿಡದು. ದೊರೆ ಆಕಾಶ ನೋಡ್ಕಂಡು ಕೂತಿದ್ದ. ನಾವು ನಿಮ್ಮ ಮನೆ ಬೇಲಿ ಪಕ್ಕ ಹಾಡ್ಕಂಡು ಹೋಗ್ತಿದ್ರೆ ಒಳಗಿಂದ ನಿಮ್ಮವ್ವ ಈ ಸಾಲು ಸೇರಿಸಿಬಿಟ್ರು, ನಿಮ್ಮನ್ನ ಸೊಂಟದ ಮೇಲೆ ಇಟ್ಕಂಡು. ನಮಗೆ ಬುಟ್ಟಿ ಹಿಡ್ಕಳಕ್ಕಾಗ್ಲಿಲ್ಲ. ಅಯ್ಯೋ, ಏನು ನಗು ಅಮ್ಮಾರೆ ಅವರದ್ದು! ನಕ್ಕರೆ ಲೈನಿಗೆ ಕೇಳದು."

"ನಮ್ಮ ತಾಯಿ ಮಾತು ಕಡಿಮೆ ಅಂತಿದ್ದರು ಅಪ್ಪಾಜಿ" ಎಂದೆ.

"ನಿಮ್ಮಪ್ಪನ ಮುಂದೆ ಕಡಿಮೆ" ಎಂದಳು.

ಹೊರಡುವಾಗ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟಳು. ಜೀಪಿನಲ್ಲಿ ಇವರು ಏನೋ ಹೇಳಲು ಬಾಯಿ ತೆರೆದರು. "ದಯವಿಟ್ಟು ಬೇಡ" ಎಂದೆ.

೨೮ ಡಿಸೆಂಬರ್, ಸೋಮವಾರ

ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಭೂಮಿ, ಸೃಷ್ಟಿ, ಮೌನ.

೩೦ ಡಿಸೆಂಬರ್, ಬುಧವಾರ

ಟ್ರಂಕಿನಿಂದ ಆ ಪತ್ರಿಕೆ ತೆಗೆದೆ. ಅದರೊಳಗೆ ಲೇಖನದ ಮೊದಲ ಕರಡೂ ಇತ್ತು. ನೀಲಿ ಶಾಯಿ. ಮೊದಲ ಸಾಲಿನಲ್ಲಿ 'ರೈಟರ ಮಗಳು' ಎಂದೇ ಬರೆದಿದ್ದೇನೆ. ಆಮೇಲೆ 'ಟ'ವನ್ನು ಹೊಡೆದು ಮೇಲೆ 'ತ' ಮಾಡಿದ್ದೇನೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಬೇರೆ: 'ಕೂಲಿಕಾರರ ಉಚ್ಚಾರದೋಷ.'

ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಕೈ ತಿದ್ದಿತು. ಮನೆಯಲ್ಲಿ ಅವರು ಅಪ್ಪಾಜಿ. ಅವರನ್ನು ಊರೆಲ್ಲ ರೈಟ್ರು ಎನ್ನುತ್ತಿದ್ದದ್ದು ನನಗೆ ತಿಳಿಯದ್ದೇನಲ್ಲ. ತಿಳಿದದ್ದು ಲೇಖನಕ್ಕೆ ಹೊಂದುತ್ತಿರಲಿಲ್ಲ.

ಇನ್ನೊಂದು ವಿಷಯ ಬರೆದಿಡಬೇಕು. ಅವ್ವ ಹಾಡುವಾಗ ಎದೆ ಅದುರುತ್ತಿತ್ತು ಎಂದು ಹಿಂದೆ ಬರೆದಿದ್ದೇನೆ. ಅದುರಿದ್ದು ನಿಜ. ಅತ್ತದ್ದು ನನ್ನ ಊಹೆ.

ಫೋಟೋ ತೆಗೆದು ನೋಡಿದೆ. ತುಟಿ ಬಿಗಿದುಕೊಂಡಿದ್ದಾಳೆ. ಆದರೆ ಕೆನ್ನೆ ಸ್ವಲ್ಪ ಉಬ್ಬಿದೆ. ಫೋಟೋದವನು ಅಲ್ಲಾಡಬೇಡಿ ಎಂದಿದ್ದನೋ ಏನೋ.

೫ ಜನವರಿ ೧೯೯೯, ಮಂಗಳವಾರ

ನಾಳೆ ಮಂಗಳೂರಿಗೆ ಹೊರಡಬೇಕು. ಇವತ್ತು ಮಧ್ಯಾಹ್ನ ರೆಕಾರ್ಡಿಂಗ್ ಮುಗಿಸಿದೆ. ಹಸೆಯ ಹಾಡು ಚೆನ್ನಾಗಿ ಬಂದಿದೆ. ಗೆಳತಿಯ ಪದ್ಯವೂ ಪರವಾಗಿಲ್ಲ. ಶಿವನ ಹಾಡಿನ ಮಧ್ಯೆ ಪಕ್ಕದ ಮನೆಯ ಕುಕ್ಕರ್ ಕೂಗಿದೆ, ಇರಲಿ.

ಅವ್ವನ ಹಾಡು ಮಾತ್ರ ಆಗಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ನಾಲ್ಕನೆಯ ಸಾಲಿಗೆ ಬಂದಾಗ ನಗು ಬಂದುಬಿಟ್ಟಿತು. ಕೊನೆಯ ಸಲ ಇವರೂ ಸೇರಿಕೊಂಡರು. ಅಳಿಸಿ ಬೇರೆ ಮಾಡೋಣವೆಂದರೆ ಇವರು ಕ್ಯಾಸೆಟ್ ತೆಗೆದು ಜೇಬಿಗೆ ಹಾಕಿಕೊಂಡರು. ಶುದ್ಧವಾದ ಒಂದು ಪ್ರತಿಯೂ ಉಳಿಯದ ಹಾಗಾಯಿತು. ಬೇಸರ.

೧೧ ಜನವರಿ, ಸೋಮವಾರ, ಮಂಗಳೂರು

ಏಳರಂದು ಆಯಿತು. ಗಂಟು ನಿಂಬೆಹಣ್ಣಿನಷ್ಟಿತ್ತಂತೆ. ಮಾತಾಡಬಾರದು. ಸ್ಲೇಟು ಕೊಟ್ಟಿದ್ದಾರೆ.

೧೩ ಜನವರಿ, ಬುಧವಾರ, ಮಂಗಳೂರು

ಡಾಕ್ಟರು 'ಆ' ಎನ್ನಿ ಎಂದರು. ಗಾಳಿ ಬಂತು.

೧೪ ಜನವರಿ, ಗುರುವಾರ, ಮಂಗಳೂರು

ಗಾಳಿ.

೧೬ ಜನವರಿ, ಶನಿವಾರ

ಮನೆ. ಸಂಕ್ರಾಂತಿಯ ಎಳ್ಳು ಯಾರೋ ತಂದಿಟ್ಟಿದ್ದಾರೆ. ನುಂಗುವುದು ಕಷ್ಟ. ಇವರು ಇಡೀ ದಿನ ನನ್ನೊಂದಿಗೆ ಪಿಸುಗುಟ್ಟುತ್ತಾರೆ. ನಿಮಗೇನಾಗಿದೆ, ಜೋರಾಗಿ ಮಾತಾಡಿ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ಹೌದಲ್ಲ ಮಾರಾಯ್ತಿ" ಎಂದರು, ಮತ್ತೆ ಪಿಸುಗುಟ್ಟಿಯೇ.

೩೧ ಜನವರಿ, ಭಾನುವಾರ

ಇವತ್ತು ಬೆಳಿಗ್ಗೆ ಹಾಲಿನವಳು ಕರೆದಾಗ ಯೋಚಿಸದೆ "ಬಂದೆ" ಎಂದೆ. ಕೇಳಿಸಿತು. ಆದರೆ ಯಾರ ಧ್ವನಿ ಅದು? ಒಡೆದ ಕೊಳವೆಯಿಂದ ಬಂದ ಹಾಗಿತ್ತು, ತಗ್ಗಿನಲ್ಲಿ. ಹಾಲಿನವಳು, "ಸಾರ್, ಅಮ್ಮನ್ನ ಕಳಿಸಿ" ಎಂದಳು.

ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ಅಳುವಾಗ ಶಬ್ದ ಬರುವುದಿಲ್ಲ ಎಂದು ಗೊತ್ತಾಯಿತು.

೧೮ ಫೆಬ್ರವರಿ, ಗುರುವಾರ

ಮಂಗಳೂರಿಗೆ ಹೋಗಿ ತೋರಿಸಿಕೊಂಡು ಬಂದೆವು. ಬಲಗಡೆಯ ನರ ಸೋತಿದೆ. ತುಂಡಾಗಿಲ್ಲ, ಸೋತಿದೆ. ಆರು ತಿಂಗಳಲ್ಲಿ ಚೇತರಿಸಿಕೊಳ್ಳಬಹುದು. ಇಲ್ಲದಿದ್ದರೆ ಇದೇ ಧ್ವನಿ.

"ಹಾಡಬಹುದಾ?" ಎಂದು ನಾನೇ ಕೇಳಿದೆ.

"ನೋವಾಗದಿದ್ದರೆ ಹಾಡಿ. ಮೊದಲಿನ ಹಾಗೆ ಮೇಲಿನ ಸ್ವರ ಬರಲ್ಲ ಅಷ್ಟೆ" ಎಂದರು.

ಹಸೆಯ ಹಾಡು ಇರುವುದೆಲ್ಲ ಮೇಲೆಯೇ. ಮೇ ಹದಿನಾರಕ್ಕೆ ಆರು ತಿಂಗಳೂ ಆಗುವುದಿಲ್ಲ.

೨ ಮಾರ್ಚ್, ಮಂಗಳವಾರ

ಕಾಲೇಜಿಗೆ ಹೋದೆ. ಹಾಜರಿ ಕೂಗಿದ್ದು ಮೊದಲ ಎರಡು ಬೆಂಚು ದಾಟಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ಪುಸ್ತಕ ಈಸಿಕೊಂಡು ತಾನೇ ಕೂಗಿದಳು. 'ಶ'ಗಳೆಲ್ಲ 'ಸ' ಆದವು. ಸಂಕರ, ಸಿವಕುಮಾರ. ಎಲ್ಲರೂ ಅದಕ್ಕೇ ಓ ಎಂದರು.

ಜನಪದದ ಪಾಠ ಇತ್ತು. ಆ ಹಾಡನ್ನು ಬೋರ್ಡಿನ ಮೇಲೆ ಬರೆದೆ, ನಾಲ್ಕೂ ಸಾಲು, ಗಿಡ್ಡಮ್ಮ ಹೇಳಿದ ಹಾಗೆ. "ಇದನ್ನು ಇಷ್ಟು ವರ್ಷ ತಪ್ಪಾಗಿ ಹೇಳಿದ್ದೆ. ಇದು ಒಂದು ಮಗುವನ್ನು ಆಡಿಕೊಂಡದ್ದು. ಆ ಮಗು ನಾನು" ಎಂದೆ. ನಗಬಹುದೋ ಬಾರದೋ ಎಂದು ಅವರಿಗೆ ತಿಳಿಯಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ, "ಈಗ್ಲೂ ಅಳ್ತೀರಾ ಮೇಡಂ?" ಎಂದರು. "ಶಬ್ದ ಬರಲ್ಲ, ಪ್ರಯೋಜನ ಇಲ್ಲ" ಎಂದೆ. ಎಲ್ಲರೂ ನಕ್ಕರು. ಪಾಠ ಅರ್ಧಕ್ಕೇ ನಿಂತಿತು. ಶಿಸ್ತು ಸ್ವಲ್ಪ ಸಡಿಲವಾಗಿದೆ, ನೋಡಿಕೊಳ್ಳಬೇಕು.

೨೧ ಮಾರ್ಚ್, ಭಾನುವಾರ

ಯುಗಾದಿ ಮುಗಿದು ಮೂರು ದಿನ. ನಾದಿನಿ ಶಿವಗಂಗಮ್ಮ ಸೌಮ್ಯಳನ್ನು ಕರೆದುಕೊಂಡು ಬಂದಿದ್ದಳು, ಸೀರೆ ತೋರಿಸಲು. ನನ್ನ ಧ್ವನಿ ಕೇಳಿ ಶಿವಗಂಗಮ್ಮನ ಕಣ್ಣು ತುಂಬಿತು. ಮುಖ ತಿರುಗಿಸಿಕೊಂಡು ಸೀರೆಯ ಮಡಿಕೆ ಸರಿ ಮಾಡಿದಳು.

"ಅತ್ತಿಗೆ, ನೀವು ತಪ್ಪು ತಿಳ್ಕೋಬೇಡಿ" ಎಂದಳು ಊಟದ ನಂತರ. "ಹಸೆಗೆ ಕರೆಯೋದಕ್ಕೆ ನಿಮ್ಮ ಕ್ಯಾಸೆಟ್ಟೇ ಹಾಕ್ಬಿಡೋಣ ಅಂತ. ಅಣ್ಣ ಹೇಳಿದ, ಚೆನ್ನಾಗಿ ಬಂದಿದೆಯಂತೆ. ನಿಮ್ಮ ಧ್ವನಿನೇ ಅಲ್ವಾ ಅದೂ?"

"ಅದೇ ಸರಿ" ಎಂದೆ. ನಿಜಕ್ಕೂ ಅದೇ ಸರಿ ಅನ್ನಿಸಿತ್ತು.

"ಏನು ಸರಿ?" ಎಂದಳು ಸೌಮ್ಯ. "ಕ್ಯಾಸೆಟ್ ಕರೆದ್ರೆ ನಾನು ಏಳಲ್ಲ. ಮಧ್ಯದಲ್ಲಿ ಕರೆಂಟ್ ಹೋದ್ರೆ? ಅರ್ಧ ಬಾಗಿಲಲ್ಲಿ ನಿಂತಿರ್ಬೇಕಾ?"

"ಸುಮ್ನಿರೇ. ಅತ್ತೆ ಗಂಟಲು ನೋಡಿದೀಯಾ, ಗಾಯ ಇನ್ನೂ ಕೆಂಪಗಿದೆ."

"ಅತ್ತೆ ಕರೀಲಿ. ಹೆಂಗಾದ್ರೂ ಕರೀಲಿ."

"ಗಂಡಿನ ಕಡೆಯೋರು ನಗ್ತಾರೆ" ಎಂದೆ.

"ನಗ್ಲಿ" ಎಂದಳು. ಅವಳ ತಾಯಿ ಬೆನ್ನಿಗೆ ಒಂದು ಕೊಟ್ಟಳು.

ಅವರು ಹೋದ ಮೇಲೆ ಇವರು ಕ್ಯಾಸೆಟ್ ಹಾಕಿದರು. ಹಸೆಯ ಹಾಡು ಎಷ್ಟು ಸಲೀಸಾಗಿ ಮೇಲೇರುತ್ತದೆ! ಯಾರೋ ಪರಿಚಯದವರು ಹಾಡಿದ ಹಾಗೆ ಕೇಳಿದೆ. ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಆಕಳಿಕೆ ಬಂತು.

೭ ಏಪ್ರಿಲ್, ಬುಧವಾರ

ನಿನ್ನೆ ಸಂಜೆ ಹೂಮಳೆ ಬಿತ್ತು, ಮುಕ್ಕಾಲು ಇಂಚು. ಅಂಗಡಿಯಲ್ಲಿ ಇವತ್ತು ವ್ಯಾಪಾರಕ್ಕಿಂತ ಮಾತೇ ಹೆಚ್ಚಂತೆ, ಒಬ್ಬೊಬ್ಬರೂ ತಮ್ಮ ತೋಟಕ್ಕೆ ಎಷ್ಟು ಬಿತ್ತೆಂದು.

ಮಧ್ಯಾಹ್ನ ಬಟ್ಟೆ ಮಡಿಸುತ್ತಾ ಹಸೆಯ ಹಾಡನ್ನು ತಗ್ಗಿನಲ್ಲಿ ಹಿಡಿದು ನೋಡಿದೆ. ಮೇಲೇರಬೇಕಾದಲ್ಲಿ ಧ್ವನಿ ಒಡೆಯುತ್ತದೆ. ಏರದೆ, ಅಲ್ಲೇ ಒಂದು ಸುತ್ತು ಹಾಕಿ ಮುಂದಕ್ಕೆ ಹೋದರೆ ಒಡೆಯುವುದಿಲ್ಲ. ಹಾಗೆ ಮಾಡಿದರೆ ಕರೆದ ಹಾಗಿರುವುದಿಲ್ಲ, ಪಕ್ಕದಲ್ಲಿ ಕೂತು ಹೇಳಿದ ಹಾಗಿರುತ್ತದೆ. ಅತ್ತೆಯವರು ಒಪ್ಪುತ್ತಿರಲಿಲ್ಲ. ಹದಿನಾಲ್ಕು ಟವೆಲ್ ಮಡಿಸುವವರೆಗೂ ಹಾಗೇ ಹಾಡಿದೆ.

೧೪ ಏಪ್ರಿಲ್, ಬುಧವಾರ

ಮತ್ತೆ ಹಾಡಿ ನೋಡಿದೆ. ಗಂಟಲು ನೋಯಲಿಲ್ಲ. ಇವರು ಊಟಕ್ಕೆ ಬಂದವರು ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. ನೋಡಿ ನಿಲ್ಲಿಸಿದೆ.

"ಯಾರೋ ಗಂಡಸರು ಬಂದಿದಾರೆ ಅಂದ್ಕೊಂಡೆ" ಎಂದರು.

"ಬಂದಿದ್ರು. ಈಗಷ್ಟೇ ಹಿತ್ತಲಿಂದ ಹೋದ್ರು" ಎಂದೆ.

ಅವರು ನನ್ನನ್ನು ಒಂದು ಥರ ನೋಡಿದರು. ಸಾರಿಗೆ ಉಪ್ಪು ಹಾಕಿರಲಿಲ್ಲ, ಅದಕ್ಕಿರಬೇಕು.

೨೫ ಏಪ್ರಿಲ್, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಇವರು ಸ್ನಾನಕ್ಕೆ ಹೋಗಿದ್ದರು. ನಾನೇ ಎತ್ತಿ ಹಲೋ ಎಂದೆ.

"ನಮಸ್ಕಾರ, ರುದ್ರೇಶಪ್ಪೋರಾ? ನಾನು ಗೋಣಿಬೀಡಿಂದ, ಗಂಡಿನ ತಾಯಿ ಮಾತಾಡೋದು."

ಇಲ್ಲ, ನಾನು ಅವರ ಹೆಂಡತಿ ನೀಲಾಂಬಿಕೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಹೌದು, ಹೇಳಿ" ಎಂದೆ.

"ಏನಿಲ್ಲ, ಹಸೆ ವಿಚಾರ. ನಿಮ್ಮ ಮನೆಯೋರು ಬಾಳ ಚೆನ್ನಾಗಿ ಹಾಡ್ತಿದ್ರಂತೆ, ಈಗ ಆಪರೇಷನ್ ಆಗಿ ಕಷ್ಟ ಅಂತ ಕೇಳ್ದೆ. ಅವರಿಗೆ ತೊಂದರೆ ಕೊಡೋದು ಬೇಡ. ಸಕಲೇಶಪುರದಲ್ಲಿ ನಮ್ಮೋರೊಬ್ರು ಹಾಡೋರಿದಾರೆ, ಮೈಕು ಎಲ್ಲ ಅವರೇ ತರ್ತಾರೆ. ಇವತ್ತೇ ಹೇಳ್ಬಿಡ್ಬೇಕು, ಅದಕ್ಕೆ ಕೇಳೋಣ ಅಂತ. ಏನ್ ಮಾಡೋಣ ಹೇಳಿ?"

ಬಚ್ಚಲಲ್ಲಿ ತಂಬಿಗೆಯ ಸದ್ದಾಗುತ್ತಿತ್ತು. ಇವರು ಬರುವವರೆಗೆ ಕಾಯಿರಿ ಎನ್ನಬಹುದಿತ್ತು. ಶಿವಗಂಗಮ್ಮನನ್ನು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು.

"ಬೇರೆಯೋರಿಗೆ ಹೇಳೋದು ಬೇಡ" ಎಂದೆ. "ಇವಳೇ ಹಾಡ್ತಾಳೆ."

"ಆಗುತ್ತಾ ಅವರಿಗೆ?"

"ಆಗುತ್ತೆ. ಧ್ವನಿ ಮಾತ್ರ ಈಗ ಹೆಚ್ಚುಕಡಿಮೆ ನನ್ನ ಹಾಗೇ ಇರುತ್ತೆ. ನಿಮ್ಮ ಕಡೆಯೋರಿಗೆ ಮೊದಲೇ ಒಂದು ಮಾತು ಹೇಳ್ಬಿಡಿ, ಗಾಬರಿ ಆಗೋದು ಬೇಡ."



"ಅಯ್ಯೋ, ಅದಕ್ಕೇನು ಗಾಬರಿ?" ಎಂದರು. "ನಿಮ್ಮ ಧ್ವನಿ ಚೆನ್ನಾಗೇ ಇದೆಯಲ್ಲ."

ಫೋನ್ ಇಟ್ಟೆ. ಇವರು ತಲೆ ಒರೆಸಿಕೊಳ್ಳುತ್ತಾ ಬಂದು, ಯಾರದು ಎಂದು ಕೇಳಿದರು.

"ನಿಮಗೇ ಬಂದಿತ್ತು" ಎಂದೆ. "ನೀವೇ ಮಾತಾಡಿದಿರಿ."